ಮೂಗಿನಲ್ಲಿ ಹೊತ್ತು ಹೋದದ್ದು

ಮೊರಬ

ನೆದರ್ಲೆಂಡ್ಸಿಗೆ ಹೋಗಿ ಬಂದವರು ಟ್ಯುಲಿಪ್ ಹೊಲದಲ್ಲಿ ನಿಂತ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರ ಅಂಥದು ಒಂದೂ ಇಲ್ಲ. ನಾನು ಹೋದದ್ದು ಹೂವಿನ ಕಾಲದಲ್ಲಲ್ಲ. ಅಲ್ಲಿದ್ದ ಮೂರು ವಾರಗಳಲ್ಲಿ ಮೊದಲನೆಯದು ಹಂದಿಗಳ ನಡುವೆ ಕಳೆಯಿತು. ಎರಡನೆಯದರಲ್ಲಿ ಮೂರು ದಿನ ಆಸ್ಪತ್ರೆಯ ಒಂಟಿ ಕೋಣೆಯಲ್ಲಿದ್ದೆ. ಊರಲ್ಲಿ ಯಾರಾದರೂ "ಏನೇನ ನೋಡಿ ಬಂದ್ರಿ?" ಎಂದು ಕೇಳಿದರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ "ಅಗದಿ ಸ್ವಚ್ಛ ಐತ್ರಿ ದೇಶ" ಎಂದಷ್ಟೇ ಹೇಳಿ ಮುಗಿಸುತ್ತಿದ್ದೆ. ಇಲ್ಲಿ ಪೂರ್ತಿ ಹೇಳುತ್ತೇನೆ.

ನಾನು ದನದ ಡಾಕ್ಟರು. ಹೆಸರು ಸುಜಾತಾ. ಹುಟ್ಟಿದ್ದು ಮೊರಬ, ಈಗ ಕೆಲಸ ಶಲವಡಿ ಕಡೆಯ ಹಳ್ಳಿಗಳಲ್ಲಿ. ನಮ್ಮದು ಅಜ್ಜನ ಕಾಲಕ್ಕೆ ಬೌದ್ಧರಾದ ಮನೆತನ. ಅಜ್ಜ ಊರಿನ ಸತ್ತ ದನಗಳನ್ನು ಎಳೆದು ಸಾಗಿಸುತ್ತಿದ್ದ. ಮೊಮ್ಮಗಳು ಬದುಕಿರುವ ದನಗಳನ್ನು ಮುಟ್ಟುವ ಡಾಕ್ಟರಾದಳು ಎಂಬುದು ನಮ್ಮವ್ವನ ದೊಡ್ಡ ಹೆಮ್ಮೆ. ಬಂದವರಿಗೆಲ್ಲ ಹೇಳುತ್ತಾಳೆ, ಹೇಳಿದವರಿಗೇ ಮತ್ತೆ ಹೇಳುತ್ತಾಳೆ.

ದನಕರುಗಳಿಗೆ ಕೊಡುವ ಆ್ಯಂಟಿಬಯಾಟಿಕ್ ಔಷಧಿಗಳನ್ನು ಕಡಿಮೆ ಮಾಡುವುದು ಹೇಗೆ ಎಂಬುದರ ತರಬೇತಿಗೆ ನಮ್ಮ ಕಡೆಯಿಂದ ಕೆಲವರನ್ನು ಕಳಿಸುವುದಾಯಿತು. ಅದರಲ್ಲಿ ನನ್ನ ಹೆಸರೂ ಇತ್ತು. ತರಗತಿಗಿಂತ ಮನೆಯಲ್ಲಿದ್ದು ಕಲಿಯಲಿ ಎಂದು ಒಬ್ಬೊಬ್ಬರನ್ನು ಒಬ್ಬೊಬ್ಬ ರೈತರ ಮನೆಗೆ ಹಂಚಿದ್ದರು. ನನ್ನ ಪಾಲಿಗೆ ಬಂದವರು ಹಂದಿ ಸಾಕುವವರು. ಇದನ್ನು ಅವ್ವನಿಗೆ ಹೇಳಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಹಂದಿ ನೋಡಾಕ ಅಷ್ಟು ದೂರ ಹೋಗಬೇಕೇನ್ಲೇ? ಇಲ್ಲೇ ಹಳ್ಳದ ದಂಡಿಗೆ ಬೇಕಾದಷ್ಟು ಅದಾವಲ್ಲ."

"ಅವು ಬ್ಯಾರೆ ನಮೂನಿ ಹಂದಿ ಬೇ."

"ಹಂದಿ ಹಂದೀನ," ಎಂದವಳು ಮತ್ತೆ ರೊಟ್ಟಿ ಬಡಿದಳು. ಆದರೆ ಮರುದಿನ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಎಲ್ಲ ಕಟ್ಟಿಕೊಟ್ಟಳು. ಹಂದಿ ಸಾಕುವವರೂ ಉಣ್ಣಲಿ ಎಂದು ಎರಡು ಕಟ್ಟು ರೊಟ್ಟಿ ಹೆಚ್ಚಿಗೆ ಇಟ್ಟಿದ್ದಳು.

ಹಂದಿಮನೆಯ ಬಚ್ಚಲು

ನನ್ನನ್ನು ಇಟ್ಟುಕೊಂಡ ರೈತನ ಹೆಸರು ವಿಲೆಮ್. ಅರವತ್ತರ ಹತ್ತಿರದ ವಯಸ್ಸು. ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರದ ಆಳು, ಮಾತು ಕಡಿಮೆ. ಹೆಂಡತಿ ಮರೈಕೆ ಇಬ್ಬರ ಪಾಲಿನದನ್ನೂ ಒಬ್ಬಳೇ ಆಡುತ್ತಿದ್ದಳು. ಅವರದೂ ಕಲಿತ ಇಂಗ್ಲಿಷು, ನನ್ನದೂ ಕಲಿತದ್ದು. ನಾವು ತಡವರಿಸಿ ಆಡಿದ್ದನ್ನು ಇಲ್ಲಿ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

ಮೊದಲ ದಿನವೇ ನನಗೆ ಎರಡು ಸ್ನಾನವಾಯಿತು. ಆ ಕಡೆ ಹಂದಿ ಇರುವ ಕಟ್ಟಡದೊಳಗೆ ಹಾಗೇ ಹೋಗುವಂತಿಲ್ಲ. ಮೊದಲು ಒಂದು ಸಣ್ಣ ಕೋಣೆ. ಅಲ್ಲಿ ಬಟ್ಟೆ, ಬಳೆ, ತಾಳಿ, ಉಂಗುರ, ತಲೆಯ ಪಿನ್ನು ಎಲ್ಲ ಕಳಚಿ ಡಬ್ಬಿಯಲ್ಲಿಡಬೇಕು. ನಡುವೆ ಬಚ್ಚಲು. ಅಲ್ಲಿ ತಲೆಗೂದಲಿನಿಂದ ಕಾಲಿನವರೆಗೆ ಸೋಪು ಹಚ್ಚಿ ಮೀಯಬೇಕು. ಆಚೆ ಬಾಗಿಲಿನಿಂದ ಹೊರಬಂದರೆ ಅವರದೇ ಬಟ್ಟೆ, ಅವರದೇ ಬೂಟು. ನಾನು ಮಿಂದು ಆಚೆ ಹೋದವಳು, ಚಷ್ಮಾ ಈ ಕಡೆ ಬಿಟ್ಟೆನೆಂದು ನೆನಪಾಗಿ ಟವೆಲ್ ಸುತ್ತಿಕೊಂಡು ಹಿಂದಕ್ಕೆ ಬಂದೆ. ಮರೈಕೆ ಹೊರಗಿನಿಂದ ಕೂಗಿದಳು.

"ಬಂದೆಯಾ ಈ ಕಡೆ? ಹಾಗಾದರೆ ಮತ್ತೊಮ್ಮೆ!"

ಮತ್ತೊಮ್ಮೆ ಮಿಂದೆ. ವಿಲೆಮ್‌ನ ಅಳತೆಯ ನೀಲಿ ಅಂಗಿ ಪ್ಯಾಂಟನ್ನು ತೋಳಿಗೆ ನಾಲ್ಕು ಮಡಿಕೆ, ಕಾಲಿಗೆ ಐದು ಮಡಿಕೆ ಹಾಕಿ ತೊಟ್ಟುಕೊಂಡು ಒಳಗೆ ಹೋದಾಗ ಹಂದಿಗಳೇ ನನ್ನನ್ನು ನೋಡಿ ಬೆಚ್ಚಿ ಒಂದು ಮೂಲೆಗೆ ಓಡಿದವು.

ನಮ್ಮಲ್ಲಿ ದೇವರ ಕೋಣೆಗೆ ಮಡಿ. ಅವರಲ್ಲಿ ಹಂದಿಗೆ ಮಡಿ. ಮೊದಲಿಗೆ ನಗು ಬಂತು. ಆದರೆ ಆ ಬಚ್ಚಲು ಯಾರನ್ನೂ ಬಿಡುತ್ತಿರಲಿಲ್ಲ. ವಿಲೆಮ್ ದಿನಕ್ಕೆ ಎಷ್ಟು ಸಲ ಒಳಗೆ ಹೋದರೂ ಅಷ್ಟು ಸಲ ಮೀಯುತ್ತಿದ್ದ. ಅವರ ಡಾಕ್ಟರು ಬಂದಾಗಲೂ ಮಿಂದರು. ತಪಾಸಣೆಗೆ ಬಂದ ಅಧಿಕಾರಿಯೂ ಒದ್ದೆ ತಲೆಯಲ್ಲೇ ಕಾಗದ ಬರೆದುಕೊಂಡು ಹೋದರು. ಯಾರು, ಎಲ್ಲಿಯವರು ಎಂದು ಅದು ಕೇಳುತ್ತಿರಲಿಲ್ಲ.

ಒಳಗೆ ಔಷಧಿಯ ಬೀರು ಒಂದಿತ್ತು. ಅದಕ್ಕೆ ಕೀಲಿ. ಯಾವ ಹಂದಿಗೆ ಯಾವ ಸೂಜಿ, ಯಾಕೆ ಎಂದು ಬರೆಯದೆ ಒಂದು ಸೀಸೆಯೂ ಹೊರಗೆ ಬರುವಂತಿರಲಿಲ್ಲ. ಮೊದಲು ಹೀಗಿರಲಿಲ್ಲವಂತೆ.

"ಆಗ ಮೇವಿನಲ್ಲೇ ಔಷಧಿ ಕಲಸಿ ಹಾಕುತ್ತಿದ್ದೆವು. ಕಾಯಿಲೆ ಬರುವ ಮೊದಲೇ ಔಷಧಿ ತಿನ್ನುತ್ತಿದ್ದವು," ಎಂದ ವಿಲೆಮ್.

"ಯಾಕೆ ನಿಲ್ಲಿಸಿದಿರಿ? ಸರ್ಕಾರ ಹೇಳಿತೆಂದೇ?"

"ಸರ್ಕಾರವೂ ಹೇಳಿತು," ಎಂದು ಬೀರುವಿಗೆ ಕೀಲಿ ಹಾಕಿದ. ನಂತರ, "ನಿಮ್ಮ ಔಷಧಿಯ ಬೀರು ಹೇಗಿದೆ?" ಎಂದು ನನ್ನನ್ನೇ ಕೇಳಿದ.

"ನನ್ನದು ಚೀಲ," ಎಂದೆ. ಚೀಲದೊಳಗಿನ ಮಾತು ಆಡಲಿಲ್ಲ.

ಕಾಲುವೆಯ ದಾರಿ

ಎಂಟನೆಯ ದಿನ ಮರೈಕೆ ತನ್ನ ಸೈಕಲ್ಲು ಕೊಟ್ಟು, ಕಾಲುವೆಯ ಬಾಜುವಿನ ದಾರಿಯಲ್ಲಿ ಒಂದು ಸುತ್ತು ಹೋಗಿ ಬಾ ಎಂದಳು. ಮೊರಬದ ಕೆಸರಲ್ಲಿ, ನಮ್ಮಪ್ಪನ ದೊಡ್ಡ ಸೈಕಲ್ಲಿನ ದಂಡದ ಕೆಳಗೆ ಕಾಲು ತೂರಿಸಿ ಕಲಿತವಳು ನಾನು. ಈ ನುಣ್ಣನೆಯ ದಾರಿ ಯಾವ ಲೆಕ್ಕ ಎಂದುಕೊಂಡು ಹೊರಟೆ.

ಆ ಸೈಕಲ್ಲಿಗೆ ಕೈಯಲ್ಲಿ ಬ್ರೇಕ್ ಇಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಅದೇ ಬ್ರೇಕು. ಮರೈಕೆ ಹೇಳಿದ್ದಳು, ನಾನು ತಲೆಯಾಡಿಸಿದ್ದೆ. ಆದರೆ ಇಳಿಜಾರು ಸಿಕ್ಕಾಗ ಪೆಡಲನ್ನು ಸುಮ್ಮನೆ ಹಿಂದಕ್ಕೆ ತಿರುಗಿಸಿ ಕಿರ್‌ಕಿರ್ ಸದ್ದು ಮಾಡಿಸುವುದು ನಮ್ಮ ಕಾಲಿಗೆ ಅಂಟಿದ ಚಟ. ಸೇತುವೆ ಇಳಿಯುವಾಗ ಅದನ್ನೇ ಮಾಡಿದೆ. ಸೈಕಲ್ಲು ಕಟ್ಟಿಹಾಕಿದಂತೆ ನಿಂತಿತು. ನಾನು ನಿಲ್ಲಲಿಲ್ಲ. ಎರಡು ಬಾತುಕೋಳಿ ಹಾರಿದವು. ಎದ್ದಾಗ ಬಲಗೈ ಮಣಿಕಟ್ಟು ಕೈಗೆ ಸೇರಿದ್ದಲ್ಲ ಎಂಬಂತೆ ಜೋತಾಡುತ್ತಿತ್ತು.

ಆಸ್ಪತ್ರೆ ದೂರವಿರಲಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರು, ಮೂಳೆ ಮೂರು ಕಡೆ ಒಡೆದಿದೆ, ಆಪರೇಷನ್ ಮಾಡಿ ಉಕ್ಕಿನ ಪಟ್ಟಿ ಹಾಕಬೇಕು, ನಾಳೆಯೇ ಮಾಡೋಣ ಎಂದರು. ಭರ್ತಿ ಮಾಡಿಕೊಳ್ಳುವ ಮೇಜಿನ ಹಿಂದೆ ಕೂತಿದ್ದ ಹೆಂಗಸು ಹೆಸರು, ಊರು, ಅಲರ್ಜಿ ಕೇಳಿ ಬರೆದುಕೊಂಡಳು. ಕೊನೆಗೆ ಇನ್ನೊಂದು ಪ್ರಶ್ನೆ.

"ಜೀವಂತ ಹಂದಿ, ದನ, ಕೋಳಿಗಳನ್ನು ಮುಟ್ಟುತ್ತೀರಾ?"

"ಇಪ್ಪತ್ತೆರಡು ವರ್ಷದಿಂದ," ಎಂದೆ, ನೋವಿನಲ್ಲೂ ಸ್ವಲ್ಪ ಜಂಬದಿಂದ.

ಅವಳ ಪೆನ್ನು ನಿಂತಿತು. ಫೋನೆತ್ತಿ ಏನೋ ಹೇಳಿದಳು. ಐದು ನಿಮಿಷದಲ್ಲಿ ನನ್ನ ಗಾಲಿಕುರ್ಚಿಯನ್ನು ಉಳಿದ ರೋಗಿಗಳಿದ್ದ ಕಡೆಯಿಂದ ತಿರುಗಿಸಿ ಬೇರೆ ದಾರಿಯಲ್ಲಿ ತಳ್ಳಿಕೊಂಡು ಹೋದರು.

ಹದಿನಾಲ್ಕನೆಯ ಕೋಣೆ

ಆ ಕೋಣೆಗೆ ಒಂದರ ಹಿಂದೊಂದು ಎರಡು ಬಾಗಿಲು, ನಡುವೆ ಕೈ ತೊಳೆಯುವ ಜಾಗ. ಹೊರಗಿನ ಬಾಗಿಲಿಗೆ ನನಗೆ ಓದಲು ಬಾರದ ಹಳದಿ ಚೀಟಿ ಅಂಟಿಸಿದ್ದರು. ಒಳಗೆ ಬಂದವರು ಹಳದಿ ನಿಲುವಂಗಿ, ಕೈಗವಸು, ಮುಖಕ್ಕೆ ಮಾಸ್ಕು, ತಲೆಗೆ ಟೊಪ್ಪಿಗೆ ತೊಟ್ಟೇ ಬರುತ್ತಿದ್ದರು. ನನ್ನ ಮೂಗು, ಗಂಟಲಿನೊಳಗೆ ಹತ್ತಿಯ ಕಡ್ಡಿ ಆಡಿಸಿ ತೆಗೆದುಕೊಂಡು ಹೋದರು. ತಟ್ಟೆ, ಲೋಟಗಳನ್ನು ಮುಟ್ಟುವ ಮೊದಲು ಹೊಸ ಕೈಗವಸು. ಹೊರಗೆ ಹೋಗುವಾಗ ಎಲ್ಲ ಕಳಚಿ ಒಂದು ಡಬ್ಬಿಗೆ ಹಾಕಿ ಹೋಗುತ್ತಿದ್ದರು.

ಯಾಕೆಂದು ನನಗೆ ಗೊತ್ತಿತ್ತು. ದನಕರು ಸಾಕುವವರ ಮೈಯಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇರುವುದು ಹೆಚ್ಚು, ಆದ್ದರಿಂದ ಆ ದೇಶದ ಆಸ್ಪತ್ರೆಗಳು ಮೊದಲು ಪರೀಕ್ಷೆ ಮಾಡಿ, ಇಲ್ಲವೆಂದು ಖಾತ್ರಿಯಾಗುವವರೆಗೆ ಬೇರೆ ಇಡುತ್ತವೆ ಎಂದು ತರಬೇತಿಯ ಮೊದಲ ದಿನವೇ ಪಾಠವಾಗಿತ್ತು. ಟಿಪ್ಪಣಿ ಮಾಡಿಕೊಂಡಿದ್ದೆ. ಒಳ್ಳೆಯ ಪದ್ಧತಿ ಎಂದು ಅಂಚಿನಲ್ಲಿ ಬರೆದೂ ಇದ್ದೆ. ಆದರೆ ಮೈಗೆ ಪಾಠ ಗೊತ್ತಿರುವುದಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಊರಿನಲ್ಲಿ, ಊರಿನ ಹೆಸರು ಬೇಡ, ಆಕಳೊಂದರ ಹೆರಿಗೆ ಕಷ್ಟವಾಗಿ ನನ್ನನ್ನು ಕರೆದಿದ್ದರು. ಭುಜದವರೆಗೆ ಕೈ ಹಾಕಿ ಎರಡು ತಾಸು ಒದ್ದಾಡಿ ಕರುವನ್ನು ಬದುಕಿಸಿದೆ. ಆಮೇಲೆ ಆ ಮನೆಯ ಹೆಂಗಸು ನನ್ನ ಕೈಗೆ ತಂಬಿಗೆ ಕೊಡಲಿಲ್ಲ. ದೂರದಿಂದ, ಎತ್ತರದಿಂದ ನೀರು ಸುರಿದಳು. ನಾನು ಗಾಡಿ ಹತ್ತುವ ಮೊದಲೇ ನಾನು ನಿಂತಿದ್ದ ಜಾಗಕ್ಕೆ ಸಗಣಿ ನೀರು ಚಿಮುಕಿಸುವ ಸದ್ದು ಕೇಳಿಸಿತು. ಅವರು ಕೆಟ್ಟ ಜನ ಅಲ್ಲ, ಹೊರಡುವಾಗ ನನ್ನ ಚೀಲಕ್ಕೆ ಶೇಂಗಾ ತುಂಬಿಸಿಕೊಟ್ಟರು. ಈಗ ಅಂಥದು ಕಡಿಮೆಯಾಗಿದೆ. ಈಗ ಕೊಟ್ಟಿಗೆಯೊಳಗೆ ಬರಮಾಡಿಕೊಳ್ಳುತ್ತಾರೆ, ಅಡುಗೆಮನೆಯ ಹೊಸ್ತಿಲವರೆಗೆ ಚಹಾ ಬರುತ್ತದೆ. ಅಷ್ಟು ದೂರ ಬರಲು ನನಗೆ ಇಪ್ಪತ್ತೆರಡು ವರ್ಷ ಹಿಡಿದಿತ್ತು. ಹದಿನಾಲ್ಕನೆಯ ಕೋಣೆಯ ಹಾಸಿಗೆಯ ಮೇಲೆ ಕೂತು, ಒಬ್ಬಳು ನರ್ಸು ನಾನು ಕುಡಿದ ಲೋಟವನ್ನು ಎರಡು ಬೆರಳಲ್ಲಿ ಎತ್ತಿ ಚೀಲಕ್ಕೆ ಹಾಕುವುದನ್ನು ನೋಡಿದಾಗ ಕಣ್ಣು ತುಂಬಿತು. ಕೈ ನೋವೆಂದು ತಿಳಿದು ಆಕೆ ಇನ್ನೊಂದು ಗುಳಿಗೆ ಕೊಟ್ಟಳು.

ಆ ಸಂಜೆ ಪಾಳಿ ಬದಲಾಗಿ ಲೀಸ್‌ಬೆತ್ ಎಂಬ ನರ್ಸು ಬಂದಳು. ಬಂದವಳು ಒಳಗೆ ಬರಲಿಲ್ಲ. ಎರಡು ಬಾಗಿಲಿನ ನಡುವೆ, ಗಾಜಿನಾಚೆ ಮಾಸ್ಕಿಲ್ಲದೆ ನಿಂತು ಕೈ ಬೀಸಿದಳು. ನಡುವಯಸ್ಸಿನ, ಮೂಗಿನ ತುಂಬ ಕಂದು ಚುಕ್ಕೆಗಳಿದ್ದ ಮುಖ. ತನ್ನ ಹೆಸರನ್ನು ಎರಡು ಸಲ ಹೇಳಿದಳು. ನನ್ನ ಹೆಸರು ಕೇಳಿ ಅದನ್ನೂ ಎರಡು ಸಲ ಹೇಳಿ ಸರಿಮಾಡಿಕೊಂಡಳು. ಅದಾದ ಮೇಲೆಯೇ ಮಾಸ್ಕು ಕಟ್ಟಿಕೊಂಡು ಒಳಗೆ ಬಂದಳು.

"ಒಳಗೆ ಬಂದ ಮೇಲೆ ನಾವೆಲ್ಲ ಒಂದೇ ಥರ ಕಾಣುತ್ತೇವೆ. ಮುಖ ನೋಡಿಟ್ಟುಕೊಂಡರೆ ಒಳ್ಳೆಯದು," ಎಂದಳು.

ನಂತರ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಯಾಕೆ ಹೀಗೆ ಇಟ್ಟಿದ್ದಾರೆ, ಎಷ್ಟು ದಿನ, ಪರೀಕ್ಷೆಯಲ್ಲಿ ಇಲ್ಲವೆಂದು ಬಂದರೆ ಏನು, ಇದೆ ಎಂದು ಬಂದರೆ ಏನು ಎಂದು ಒಂದೊಂದಾಗಿ ಹೇಳಿದಳು. ನನಗೆ ಗೊತ್ತಿದ್ದದ್ದೇ. ಆದರೂ ಕೇಳಿದೆ. ಆ ಇನ್ನೊಂದು ಊರಿನಲ್ಲಿ ಯಾರೂ ನನ್ನ ಪಕ್ಕ ಕೂತು ಯಾಕೆಂದು ಹೇಳಿರಲಿಲ್ಲ. ಹೇಳುವುದಕ್ಕೆ ಅವರ ಹತ್ತಿರ ಏನೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಫಲಿತಾಂಶ ಬಂತು. ನನ್ನ ಮೂಗಿನಲ್ಲಿ ಅದು ಇತ್ತು.

ಡಾಕ್ಟರು ನಿಧಾನವಾಗಿ ಹೇಳಿದರು. ಇದು ಕಾಯಿಲೆಯಲ್ಲ. ನೀವು ಅದನ್ನು ಹೊತ್ತಿದ್ದೀರಿ, ಅಷ್ಟೇ. ನಿಮಗೆ ತೊಂದರೆ ಕೊಡದಿರಬಹುದು. ಆದರೆ ಗಾಯವಾದಾಗ, ಆಪರೇಷನ್ ಆದಾಗ ಅದು ಒಳಗಿಳಿದರೆ ಸಾಮಾನ್ಯ ಔಷಧಿಗಳು ಅದರ ಮುಂದೆ ನಡೆಯುವುದಿಲ್ಲ. ಅದಕ್ಕೆ ಬೇರೆ ಔಷಧಿ ಕೊಟ್ಟು ಆಪರೇಷನ್ ಮಾಡುತ್ತೇವೆ. ಮೂಗಿಗೆ ಮುಲಾಮು ಹಚ್ಚಿ ತೆಗೆಯಲೂಬಹುದು. ಆದರೆ ನೀವು ಮತ್ತೆ ಅದೇ ದನಗಳ ನಡುವೆ ಹೋಗುವವರು, ಅದು ಮತ್ತೆ ಬರುತ್ತದೆ.

"ಇನ್ನೊಂದು ಮಾತು," ಎಂದರು ಹೊರಡುವಾಗ. "ನಿಮ್ಮ ಆಪರೇಷನ್ ಇವತ್ತಿನ ಪಟ್ಟಿಯಲ್ಲಿ ಕೊನೆಯದು. ನಿಮ್ಮದಾದ ಮೇಲೆ ಆಪರೇಷನ್ ಕೋಣೆಯನ್ನು ಪೂರ್ತಿ ತೊಳೆಯಬೇಕಾಗುತ್ತದೆ."

ಎಲ್ಲರದೂ ಮುಗಿದ ಮೇಲೆ ನನ್ನದು. ತೊಳೆಯುವುದೂ ಇತ್ತು. ನಾನು ತಲೆಯಾಡಿಸಿದೆ.

ವಿಲೆಮ್ ಬಂದದ್ದು

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ವಿಲೆಮ್ ಬಂದ. ಹಳದಿ ನಿಲುವಂಗಿ ಇಲ್ಲ, ಮಾಸ್ಕಿಲ್ಲ. ಕೈಯಲ್ಲಿ ಮರೈಕೆ ಕೊಟ್ಟ ಸೇಬಿನ ಕೇಕು. ನಾನು ಗಾಬರಿಯಾಗಿ ಎಡಗೈ ಎತ್ತಿ ತಡೆಯಲು ಹೋದೆ.

"ನನ್ನ ಮೂಗಿನಲ್ಲೂ ಇದೆ. ಹದಿನೈದು ವರ್ಷದಿಂದ," ಎಂದು ಕುರ್ಚಿ ಎಳೆದು ಕೂತ. "ನನಗೆ ಅವರು ಹೇಳುವುದು ಒಂದೇ, ಹೊರಗೆ ಹೋಗುವಾಗ ಕೈ ತೊಳೆ ಎಂದು."

ಇಬ್ಬರೂ ಕೇಕು ತಿಂದೆವು. ಆಮೇಲೆ ಅವನು ಅಷ್ಟು ದಿನ ಆಡದ ಮಾತನ್ನು ಆಡಿದ. ಮೇವಿಗೆ ಔಷಧಿ ಕಲಸುವ ಕಾಲದಲ್ಲಿ ಹಂದಿಮನೆಯನ್ನು ಅವನ ಅಪ್ಪ ನೋಡಿಕೊಳ್ಳುತ್ತಿದ್ದರು. ವಯಸ್ಸಾಗಿ ಬಿದ್ದು ಸೊಂಟ ಮುರಿದಾಗ ಈ ಆಸ್ಪತ್ರೆಗೇ ತಂದರು. ಮೂಗಿನಲ್ಲಿ ಅದು ಸಿಕ್ಕಿತು. ಹಾಕಿದ ಹೊಲಿಗೆಯಲ್ಲೂ ಅದೇ ಸೇರಿಕೊಂಡಿತು. ಹನ್ನೊಂದು ದಿನ ಬದುಕಿದ್ದರು.

"ಅಪ್ಪನಿಗೆ ಜನ ಎಂದರೆ ಪ್ರಾಣ. ಊರಿನಲ್ಲಿ ಯಾರ ಮದುವೆಯಾದರೂ ಮೊದಲು ಹಾಡುವವನು ಅವನೇ. ಆ ಹನ್ನೊಂದು ದಿನ ಒಬ್ಬ ನರ್ಸಿನ ಮುಖವನ್ನೂ ನೋಡಲಿಲ್ಲ. 'ಇವರೆಲ್ಲ ಯಾರೋ' ಎಂದು ನನ್ನನ್ನು ಕೇಳುತ್ತಿದ್ದ."

"ಲೀಸ್‌ಬೆತ್ ನನಗೆ ಮುಖ ತೋರಿಸಿಯೇ ಒಳಗೆ ಬಂದಳು," ಎಂದೆ.

"ಹೌದೇ? ಆಗ ಹಾಗೆ ಇರಲಿಲ್ಲ." ಕೇಕಿನ ಪುಡಿಯನ್ನು ಬೆರಳಿನಿಂದ ಒಟ್ಟುಮಾಡುತ್ತ ಕೂತ. "ಮಣ್ಣು ಮಾಡಿ ಬಂದ ವಾರವೇ ಮೇವಿನ ಔಷಧಿ ನಿಲ್ಲಿಸಿದೆ. ಆ ವರ್ಷ ಬಹಳ ಮರಿ ಸತ್ತವು. ಮರಿಗಳನ್ನು ತಾಯಿಯ ಹತ್ತಿರ ಹೆಚ್ಚು ದಿನ ಬಿಡಬೇಕು, ಹುಲ್ಲು ಹಾಸಬೇಕು, ಜಾಗ ಹೆಚ್ಚು ಕೊಡಬೇಕು ಎಂದು ಕಲಿಯಲು ಎರಡು ವರ್ಷ ಹಿಡಿಯಿತು. ನೆರೆಯವರು ನನಗೆ ತಲೆ ಕೆಟ್ಟಿದೆ ಎಂದರು." ಆಮೇಲೆ ತಲೆ ಎತ್ತದೆ ಹೇಳಿದ, "ನಿನಗೆ ಇದು ನನ್ನ ಹಂದಿಗಳಿಂದಲೇ ಬಂದದ್ದು. ನಿನ್ನ ಮನೆಯವರಿಗೆ ನಾನು ಏನು ಹೇಳಲಿ?"

ಆ ದೊಡ್ಡ ಆಳಿನ ಕಿವಿ ಕೆಂಪಾಗಿತ್ತು. ನಿಮ್ಮದಲ್ಲದಿರಬಹುದು ಎಂದೆ. ಅವನು ನಂಬಲಿಲ್ಲ. ನನಗೂ ಆಗ ಖಾತ್ರಿಯಿರಲಿಲ್ಲ. ಈ ಬ್ಯಾಕ್ಟೀರಿಯಾದಲ್ಲಿ ಹಲವು ಬಗೆಗಳಿವೆ. ಹಂದಿಯಿಂದ ಬರುವ ಬಗೆಯೇ ಬೇರೆ. ನನ್ನದು ಯಾವುದೆಂದು ತಿಳಿಯಲು ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು, ಅದಕ್ಕೆ ಒಂದು ವಾರ ಬೇಕಿತ್ತು.

ಹಂದಿಮನೆಯ ಎದುರಿನ ಬೆಂಚು

ಆ ವಾರ ಕೈಗೆ ಪಟ್ಟಿ ಕಟ್ಟಿಕೊಂಡು ವಿಲೆಮ್‌ನ ಮನೆಯಲ್ಲೇ ಇದ್ದೆ. ಗಾಯ ಒಣಗುವವರೆಗೆ ಹಂದಿಮನೆಗೆ ಹೋಗುವಂತಿರಲಿಲ್ಲ. ಎದುರಿನ ಬೆಂಚಿನ ಮೇಲೆ ಕೂತು ನನ್ನ ಚೀಲದ ಬಗ್ಗೆ ಯೋಚಿಸಿದೆ.

ಕೆಚ್ಚಲು ಬಾವಿಗೆ ಐದು ದಿನ ಕೊಡಬೇಕಾದ ಔಷಧಿಯನ್ನು ಎರಡು ದಿನಕ್ಕೆ ನಿಲ್ಲಿಸಿದ್ದು ಎಷ್ಟು ಸಲವೋ. "ಹಾಲು ಸರಿ ಬರಾಕತ್ತಾವ್ರಿ, ನಾಳೆ ಬರಬ್ಯಾಡ್ರಿ ಡಾಕ್ಟರ್ ಬಾಯಾರ," ಎಂದರೆ ಸರಿ ಎಂದು ಮುಂದಿನ ಊರಿಗೆ ಹೋಗುತ್ತಿದ್ದೆ. ಕರುವಿಗೆ ಭೇದಿಯಾದರೆ ಬರೀ ಉಪ್ಪು ಬೆಲ್ಲದ ನೀರು ಸಾಕಾಗುವ ಕಡೆಯೂ ಸೂಜಿ. ಸೂಜಿ ಮಾಡದೆ ಹೊರಟ ಡಾಕ್ಟರನ್ನು ಯಾರೂ ಮತ್ತೆ ಕರೆಯುವುದಿಲ್ಲ. ನನ್ನಂಥವಳಿಗೆ ಆ ಹೆದರಿಕೆ ಇನ್ನೂ ಒಂದು ಕೈ ಹೆಚ್ಚು. ಒಂದು ಔಷಧಿಗೆ ಬಗ್ಗದಿದ್ದರೆ ಇನ್ನೊಂದು, ಅದಕ್ಕೂ ಬಗ್ಗದಿದ್ದರೆ ಮತ್ತೂ ಹೊಸದು. ಸೂಜಿ ಮಾಡಿದ ದಿನದ ಹಾಲನ್ನು ಚೆಲ್ಲಿರೆಂದು ಬಾಯಲ್ಲಿ ಹೇಳುತ್ತಿದ್ದೆ. ಚೆಲ್ಲಿದವರನ್ನು ಕಂಡಿಲ್ಲ, ಚೆಲ್ಲಿದರೋ ಇಲ್ಲವೋ ಎಂದು ತಿರುಗಿ ಕೇಳಿಯೂ ಇಲ್ಲ.

ಹೊರಡುವ ಹಿಂದಿನ ದಿನ ಆಸ್ಪತ್ರೆಯಿಂದ ಫೋನು ಬಂತು. ನನ್ನದು ಹಂದಿಯ ಬಗೆಯಲ್ಲ. ಈ ಭಾಗದಲ್ಲಿ ಕಾಣಸಿಗುವಂಥದೇ ಅಲ್ಲ, ನೀವು ಬರುವಾಗಲೇ ತಂದಿರಬೇಕು ಎಂದರು.

ವಿಲೆಮ್ ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದ. ಹೋಗಿ ಹೇಳಿದೆ. ಅವನ ಮುಖದ ಮೇಲೆ ಮೊದಲು ಸಮಾಧಾನ ಬಂತು, ಆಮೇಲೆ ಸಮಾಧಾನಪಟ್ಟದ್ದಕ್ಕೆ ನಾಚಿಕೆ ಬಂತು. ನಾನು ಆ ಬೆಂಚಿನ ಮೇಲೆ ಕೂತು ಯೋಚಿಸಿದ್ದೆಲ್ಲವನ್ನೂ ಅವನಿಗೆ ಹೇಳಿದೆ. ಬೇರೆ ದೇಶದವನ ಮುಂದೆ ಹೇಳುವುದು ಸುಲಭ.

"ಈಗ ಊರಿಗೆ ಹೋಗಿ ಹೇಳುತ್ತೀಯಾ?" ಎಂದು ಕೇಳಿದ.

"ನಿನಗೆ ಗೊತ್ತಿಲ್ಲ ವಿಲೆಮ್. ನನ್ನ ಮೈಯಲ್ಲಿ ಏನೋ ಇದೆ ಎಂದು ನಾನೇ ಬಾಯಿಬಿಟ್ಟು ಹೇಳಿದರೆ ಏನಾಗುತ್ತದೆಂದು ನಿನಗೆ ಗೊತ್ತಿಲ್ಲ."

ಏನಾಗುತ್ತದೆ ಎಂದು ಕೇಳಿದ. ಎತ್ತರದಿಂದ ಸುರಿದ ನೀರಿನ ಕತೆ ಹೇಳಿದೆ. ಅವನು ಪೈಪಿನ ನೀರು ನಿಲ್ಲಿಸಿ ಕೇಳಿಸಿಕೊಂಡ. ಸಲಹೆ ಕೊಡಲಿಲ್ಲವೆಂದು ನನಗೆ ಅವನ ಮೇಲೆ ಗೌರವ ಹೆಚ್ಚಾಯಿತು. ಆ ರಾತ್ರಿಯ ಊಟಕ್ಕೆ ಅವ್ವನ ರೊಟ್ಟಿ ಚಟ್ನಿಯ ಕೊನೆಯ ಕಟ್ಟು ಬಿಚ್ಚಿದೆವು. ವಿಲೆಮ್ ಖಾರಕ್ಕೆ ಕೆಮ್ಮುತ್ತ ಕಣ್ಣೀರು ಸುರಿಸುತ್ತ ಎರಡನೆಯ ರೊಟ್ಟಿ ಕೇಳಿದ.

ಶಲವಡಿ

ಕೈ ಕೂಡಿ ಮತ್ತೆ ಕೆಲಸಕ್ಕೆ ಹೋಗುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಗಾಯ, ಕೆಚ್ಚಲು ಮುಟ್ಟುವಾಗ ಮಾಸ್ಕು, ಕೈಗವಸು ಹಾಕತೊಡಗಿದೆ. ಮೊದಲ ಹದಿನೈದು ದಿನ ಕೇಳಿದವರಿಗೆಲ್ಲ ನೆಗಡಿ ಎಂದು ಸುಳ್ಳು ಹೇಳಿದೆ. ಸೂಜಿ ಮಾಡಿಸಿಕೊಂಡ ಎಮ್ಮೆಯ ಹಾಲು ಬೇರೆ ಹಾಲಿನಲ್ಲಿ ಸೇರದಿರಲಿ ಎಂದು, ನೆದರ್ಲೆಂಡ್ಸಿನ ಒಂದು ಹೈನದ ಮನೆಯಲ್ಲಿ ಕಂಡಂತೆ ಕಾಲಿಗೆ ಕೆಂಪು ಪಟ್ಟಿ ಕಟ್ಟಿದೆ. ದೃಷ್ಟಿ ತೆಗೆಯಲು ಕಟ್ಟಿದ್ದೆಂದು ತಿಳಿದು, ಆ ಓಣಿಯವರು ಕಾಯಿಲೆಯಿಲ್ಲದ ಎಮ್ಮೆಗಳಿಗೂ ಕೆಂಪು ಬಟ್ಟೆ ಕಟ್ಟಿದರು. ಯಾವುದಕ್ಕೆ ಸೂಜಿ ಆಗಿದೆ, ಯಾವುದಕ್ಕಿಲ್ಲ ಎಂದು ನನಗೇ ತಿಳಿಯದಂತಾಯಿತು.

ಒಂದು ಬೆಳಿಗ್ಗೆ ಫಕ್ಕೀರಪ್ಪ ಎಂಬ ರೈತರು ಕರೆದರು. ಎಮ್ಮೆಯ ಕರು ಭೇದಿಯಾಗಿ ಮಲಗಿಬಿಟ್ಟಿತ್ತು. ಜ್ವರ ಇರಲಿಲ್ಲ, ಮೈ ಒಣಗಿತ್ತು.

"ಒಂದ ಸೂಜಿ ಮಾಡಿಬಿಡ್ರಿ ಬಾಯಾರ," ಎಂದರು.

"ಸೂಜಿ ಬ್ಯಾಡ್ರಿ ಕಾಕಾ. ಇದಕ್ಕ ನೀರ ಬೇಕು. ಉಪ್ಪು ಬೆಲ್ಲ ಕೊಡ್ರಿ, ನಾನ ಕುಡಸ್ತೇನಿ."

"ಡಾಕ್ಟರ್ ಬಂದು ಬೆಲ್ಲದ ನೀರ ಕುಡಸೂದಂದ್ರ?" ಅವರಿಗೆ ಅದು ಸರಿಬರಲಿಲ್ಲ. ಕರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನನ್ನನ್ನು ಒಂದು ಸಲ ನೋಡಿ, "ಮಾರಿ ಯಾಕ ಮುಚ್ಚೀರಿ? ಕೊರೋನಾ ತಿರುಗಿ ಬಂತೇನ್ರಿ ಮತ್ತ?" ಎಂದರು.

ನೆಗಡಿ ಎನ್ನಲು ಬಾಯಿ ತೆರೆದೆ. ಸೂಜಿ ಯಾಕೆ ಬೇಡ ಎಂದು ಹೇಳಬೇಕಾದರೆ ಇದನ್ನೂ ಹೇಳಬೇಕಿತ್ತು. ಒಂದನ್ನು ಮುಚ್ಚಿ ಇನ್ನೊಂದನ್ನು ಹೇಳಲು ಬರುತ್ತಿರಲಿಲ್ಲ.

"ನನ್ನ ಮೂಗಿನ್ಯಾಗ ಒಂದು ಜಂತು ಐತ್ರಿ ಕಾಕಾ. ಔಷಧಕ್ಕ ಸಾಯೂದಿಲ್ಲ ಅದು. ಅಲ್ಲಿ ದವಾಖಾನ್ಯಾಗ ಗೊತ್ತಾತು."

ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದ ಅವರ ಹೆಂಡತಿ ಗಂಗವ್ವನ ಕೈ ನಿಂತಿತು. ಫಕ್ಕೀರಪ್ಪ ಕೂತಲ್ಲಿಂದ ಎದ್ದು ನಿಂತರು. ಗಾಡಿ ಎಷ್ಟು ದೂರದಲ್ಲಿದೆ ಎಂದು ನನ್ನ ಕಣ್ಣು ತಾನಾಗಿ ಅಳೆಯಿತು.

"ಎಲ್ಲಿಂದ ಹತ್ತಿತ್ರಿ ಅದು ನಿಮಗ?"

"ದನದಿಂದರಿ. ನಾವು ಬೇಕಾದ್ದಕ್ಕೂ ಬ್ಯಾಡಾದ್ದಕ್ಕೂ ಸೂಜಿ ಮಾಡಿ ಮಾಡಿ, ಹುಳಾ ಗಟ್ಟಿ ಆಗ್ಯಾವು. ನಾನೂ ಹಂಗ ಮಾಡೇನ್ರಿ. ನಿಮ್ಮ ಎಮ್ಮಿಗೂ ಮಾಡೇನಿ."

ಅವರು ಬಗ್ಗಿ ಕರುವಿನ ಕಿವಿ ಮುಟ್ಟಿ ನೋಡಿದರು.

"ಹಂಗಾರ ನಮಗೂ ಇರಬೇಕಲ್ರಿ. ದನ ನಮ್ಮವು, ಅವುಗಳ ಬಾಜುನ ಮಲಗಾವ್ರು ನಾವು."

"ಇರಬಹುದ್ರಿ. ಯಾರೂ ನೋಡಿಲ್ಲ."

ಆಗ ಗಂಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಲಗೈಯ ನಡುಬೆರಳನ್ನು ನನ್ನ ಮುಂದೆ ಹಿಡಿದರು. ಹಾಲು ಹಿಂಡುವ ಕೈ. ಉಗುರಿನ ಬುಡದಲ್ಲಿ ಕೀವು ಕಟ್ಟಿತ್ತು. ಎರಡು ತಿಂಗಳಿಂದ ಹಾಗೇ ಇದೆಯಂತೆ. ಅಂಗಡಿಯಿಂದ ಮೂರು ಥರದ ಗುಳಿಗೆ ತಂದು ನುಂಗಿದ್ದರು.

"ಇದೂ ಅದನ ಏನ್ರಿ?"

ಕೈಗವಸು ಬದಲಾಯಿಸಿ ಆ ಕೈಯನ್ನು ಹಿಡಿದು ನೋಡಿದೆ. ನೋಡಿದರೆ ತಿಳಿಯುವುದಿಲ್ಲ, ಕೀವನ್ನು ಪರೀಕ್ಷೆ ಮಾಡಿಸಬೇಕು, ನಾಳೆ ಹುಬ್ಬಳ್ಳಿಗೆ ಹೋಗೂಣು ಎಂದೆ. ಕರುವಿಗೆ ಅವತ್ತು ಸಂಜೆಯವರೆಗೆ ನಾನು, ಫಕ್ಕೀರಪ್ಪ ಸರದಿಯಲ್ಲಿ ನೀರು ಕುಡಿಸಿದೆವು. ಮೂರನೆಯ ದಿನ ಅದು ಎದ್ದು ತಾಯಿಯ ಕೆಚ್ಚಲಿಗೆ ಗುದ್ದಿತು.

ಸುದ್ದಿ ನಿಲ್ಲಲಿಲ್ಲ. ಶಲವಡಿಯಲ್ಲಿ ಒಂದು ಮನೆಯವರು ನನ್ನನ್ನು ಕರೆಯುವುದು ಬಿಟ್ಟರು. ಅವರ ಎಮ್ಮೆಗೆ ಈಗ ಅಂಗಡಿಯವನೇ ಬಂದು ಸೂಜಿ ಮಾಡುತ್ತಾನೆ. ದಾರಿಯಲ್ಲಿ ಸಿಕ್ಕರೆ ಅವರು ಮಾತನಾಡಿಸುತ್ತಾರೆ, ನಾನೂ ಮಾತನಾಡಿಸುತ್ತೇನೆ. ಇದು ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹುಬ್ಬಳ್ಳಿ

ಗಂಗವ್ವನ ಬೆರಳು ವಾಸಿಯಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯ ಮೂರು ಗುಳಿಗೆಗಳಿಗೂ ಬಗ್ಗದ ಆ ಹುಳು ನಾಲ್ಕನೆಯ ಔಷಧಿಗೆ ಬಗ್ಗಿತು. ನನ್ನದು ಇನ್ನೂ ಮೂಗಿನಲ್ಲೇ ಇದೆ.

ಕೀವು ಕೊಡಲು ಇಬ್ಬರೂ ಬಸ್ಸು ಹಿಡಿದು ಹೋದೆವು. ಪರೀಕ್ಷೆಯ ಕಿಟಕಿಯ ಮುಂದೆ ಉದ್ದ ಸಾಲು. ನಮ್ಮ ಸರದಿ ಬಂದಾಗ ಒಳಗೆ ಕೂತಿದ್ದ ಹೆಣ್ಣುಮಗಳು ಡಾಕ್ಟರ ಚೀಟಿ ನೋಡಿ, ಗಂಗವ್ವನ ಹೆಸರು ಬರೆದುಕೊಂಡು, "ಇವರದಷ್ಟನೋ, ನಿಮ್ದೂ ಐತೇನ್ರಿ?" ಎಂದು ನನ್ನನ್ನು ಕೇಳಿದಳು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮೂಗು ಎಂದು ಹೇಳುವ ಬದಲು ನಾನು ಚೀಲದಲ್ಲಿ ಚಿಲ್ಲರೆ ಹುಡುಕತೊಡಗಿದೆ.

ಗಂಗವ್ವ ನನ್ನ ಮುಂದೆ ಬಗ್ಗಿ ಕಿಟಕಿಯೊಳಗೆ ಮುಖ ಹಾಕಿದರು.

"ಇಬ್ಬರದೂ ತಗೋರಿ. ಒಂದ ಎಮ್ಮೀನ ಇಬ್ಬರೂ ಮುಟ್ಟೇವಿ."